ಕನ್ಸೋಲ್ ‘ಸೇಫ್’ ಎಂದಿತು, ಸೋರ್ಸ್ ರೋಗಿಯ ದೇಹದಲ್ಲೇ ಉಳಿಯಿತು: ಒಂದು ಬ್ರಾಕಿಥೆರಪಿ ಪ್ರಕರಣ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಸಣ್ಣ ಕ್ಯಾನ್ಸರ್ ಚಿಕಿತ್ಸಾ ಕೇಂದ್ರದಲ್ಲಿ 1992ರ ನವೆಂಬರ್ 16ರಂದು ಕಾಣೆಯಾದ ಇರಿಡಿಯಂ-192 ಸೋರ್ಸ್ (ಚಿಕಿತ್ಸೆಗೆ ಬಳಸುವ, ವಿಕಿರಣ ಹೊಮ್ಮಿಸುವ ಪುಟ್ಟ ಲೋಹದ ತುಣುಕು) ಮತ್ತೆ ಆ ಕೇಂದ್ರದವರ ಗಮನಕ್ಕೆ ಬಂದದ್ದು ಡಿಸೆಂಬರ್ 1ರಂದು. ಅದು ಕಾಣೆಯಾಗಿದೆ ಎಂಬುದೇ ಅಷ್ಟು ದಿನ ಅವರಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಒಬ್ಬ ರೋಗಿ ತೀರಿಕೊಂಡಿದ್ದರು, 90ಕ್ಕೂ ಹೆಚ್ಚು ಮಂದಿ ವಿಕಿರಣಕ್ಕೆ ಒಡ್ಡಿಕೊಂಡಿದ್ದರು. ಅಲ್ಲಿನ ನ್ಯೂಕ್ಲಿಯರ್ ರೆಗ್ಯುಲೇಟರಿ ಕಮಿಷನ್ ತನಿಖೆ ನಡೆಸಿ ವರದಿ ಪ್ರಕಟಿಸಿದೆ. ರೋಗಿ, ಕೇಂದ್ರ, ಯಂತ್ರ ತಯಾರಕರ ಹೆಸರುಗಳನ್ನು ಇಲ್ಲಿ ಬಿಟ್ಟಿದ್ದೇವೆ. ಬೇಕಾಗಿರುವುದು ಯಾವ ಹಂತದಲ್ಲಿ ಯಾರು ಏನು ತೀರ್ಮಾನಿಸಿದರು, ಆಗ ಅವರ ಕಣ್ಣ ಮುಂದೆ ಯಾವ ಸಾಕ್ಷ್ಯ ಇತ್ತು ಎಂಬುದಷ್ಟೇ.

ಹಿನ್ನೆಲೆ

ಹೈ ಡೋಸ್ ರೇಟ್ ಬ್ರಾಕಿಥೆರಪಿ, ಅಂದರೆ ಪ್ರಬಲ ಸೋರ್ಸನ್ನು ಗಡ್ಡೆಯೊಳಗೆ ಅಥವಾ ಪಕ್ಕದಲ್ಲೇ ಸ್ವಲ್ಪ ಹೊತ್ತು ಇಟ್ಟು ಕೊಡುವ ಚಿಕಿತ್ಸೆ, ಇಂದು ಕರ್ನಾಟಕದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ದಿನನಿತ್ಯದ ಕೆಲಸ. ಗರ್ಭಕಂಠದ ಕ್ಯಾನ್ಸರ್ ರೋಗಿಗಳಲ್ಲಿ ಹಲವರು ಒಂದಲ್ಲ ಒಂದು ಹಂತದಲ್ಲಿ ಆ ಕೋಣೆಗೆ ಹೋಗಿ ಬರುತ್ತಾರೆ. ಯಂತ್ರದ ಹೆಸರು ರಿಮೋಟ್ ಆಫ್ಟರ್‌ಲೋಡರ್. ಒಳಗೆ ಸೀಸ ಅಥವಾ ಟಂಗ್‌ಸ್ಟನ್ ಕವಚದಲ್ಲಿ ಇರಿಡಿಯಂ ಸೋರ್ಸ್ ಇರುತ್ತದೆ. ಹೊಲಿಗೆ ಸೂಜಿಯಷ್ಟೇ ದಪ್ಪದ ಲೋಹದ ತಂತಿಯ ತುದಿಯಲ್ಲಿ ಅದನ್ನು ಕೂರಿಸಿರುತ್ತಾರೆ. ರೋಗಿಯ ದೇಹದಲ್ಲಿ ಮೊದಲೇ ಕ್ಯಾತಿಟರ್ (ಸಣ್ಣ ಪ್ಲಾಸ್ಟಿಕ್ ಕೊಳವೆ) ಅಥವಾ ಅಪ್ಲಿಕೇಟರ್ (ಸೋರ್ಸ್ ಸಾಗುವ ಗಟ್ಟಿ ಉಪಕರಣ) ಇಟ್ಟು, ಕೊಳವೆಯಿಂದ ಯಂತ್ರಕ್ಕೆ ಜೋಡಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕುತ್ತಾರೆ. ಆಮೇಲೆ ಮೋಟಾರು ತಂತಿಯನ್ನು ಒಂದೊಂದೇ ಕ್ಯಾತಿಟರ್‌ಗೆ ನೂಕಿ, ಲೆಕ್ಕ ಹಾಕಿದಷ್ಟು ಸೆಕೆಂಡು ನಿಲ್ಲಿಸಿ, ವಾಪಸ್ ಎಳೆದುಕೊಳ್ಳುತ್ತದೆ. ಸಿಬ್ಬಂದಿಗೆ ಡೋಸ್ ಇಲ್ಲ, ಚಿಕಿತ್ಸೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.

ಹಿಂದಿನ ಸೀಸಿಯಂ-137 ಟ್ಯೂಬುಗಳ ಕಾಲದಲ್ಲಿ ಲೆಕ್ಕವೆಂದರೆ ಕೈಯಿಂದ ಎಣಿಸುವುದಾಗಿತ್ತು. ಸೋರ್ಸುಗಳನ್ನು ಇಡುವ ಸೇಫ್‌ನಿಂದ ಇಷ್ಟು ಹೋದವು, ಇಷ್ಟು ಬಂದವು ಎಂದು ಬರೆದು ಸಹಿ ಹಾಕುತ್ತಿದ್ದರು. ಒಂದು ಕಡಿಮೆಯಾದರೆ ವಾರ್ಡಿನ ಹಾಸಿಗೆ, ಬಟ್ಟೆ, ಕಸದ ಡಬ್ಬಿ ಎಲ್ಲವನ್ನೂ ಮೀಟರ್ ಹಿಡಿದು ಜಾಲಾಡುತ್ತಿದ್ದರು. ರಿಮೋಟ್ ಆಫ್ಟರ್‌ಲೋಡರ್ ಬಂದ ಮೇಲೆ ಆ ಎಣಿಕೆಯ ಹೊಣೆ ಸದ್ದಿಲ್ಲದೆ ಯಂತ್ರದ ಪಾಲಾಯಿತು. ಸೋರ್ಸ್ ಇರುವುದು ಒಂದೇ, ಅದೂ ತಂತಿಗೆ ಅಂಟಿಕೊಂಡದ್ದು, ಎಣಿಸುವುದೇನಿದೆ ಎಂಬ ಭಾವನೆ ಸಹಜವಾಗಿ ಬಂದುಬಿಟ್ಟಿತು. ಈ ಪ್ರಕರಣದ ಬೇರು ಇರುವುದು ಅಲ್ಲೇ ಎಂಬುದು ನಮ್ಮ ಅಭಿಪ್ರಾಯ. ತಂತಿ ತುಂಡಾದದ್ದು ನಂತರದ ಮಾತು.

ಸೋರ್ಸಿನ ಬಲ ಎಷ್ಟಿತ್ತು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಡಿಸೆಂಬರ್ 1ರಂದು ಅದು 3.7 ಕ್ಯೂರಿ, ಅಂದರೆ 137 ಗಿಗಾಬೆಕೆರೆಲ್. ಇರಿಡಿಯಂ-192ರ ಅರ್ಧಾಯುಷ್ಯ ಸುಮಾರು 74 ದಿನ. 15 ದಿನ ಹಿಂದಕ್ಕೆ ಹೋದರೆ ಚಿಕಿತ್ಸೆಯ ದಿನ ಸುಮಾರು 4.3 ಕ್ಯೂರಿ ಇದ್ದಿರಬೇಕು. ತೆರೆದಿಟ್ಟರೆ 1 ಮೀಟರ್ ದೂರದಲ್ಲಿ ಗಂಟೆಗೆ ಸರಿಸುಮಾರು 20 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ). ಸಾರ್ವಜನಿಕರಿಗೆ ಇಡೀ ವರ್ಷಕ್ಕೆ ನಿಗದಿಯಾಗಿರುವ 1 ಮಿಲಿಸೀವರ್ಟ್ ಮಿತಿ ಮೂರೇ ನಿಮಿಷದಲ್ಲಿ ಮುಗಿಯುತ್ತದೆ. 1 ಸೆಂಟಿಮೀಟರ್‌ನಲ್ಲಿ ಅದರ ಹತ್ತು ಸಾವಿರ ಪಟ್ಟು, ಗಂಟೆಗೆ 200 ಗ್ರೇ ಹತ್ತಿರ (ಅಂಗಾಂಶ ಹೀರಿಕೊಳ್ಳುವ ವಿಕಿರಣದ ಅಳತೆ; ಇಲ್ಲಿ 1 ಗ್ರೇ ಎಂದರೆ 1 ಸೀವರ್ಟ್ ಎಂದೇ ಲೆಕ್ಕ). ಇಷ್ಟು ಬಲದ ವಸ್ತು ಕೋಣೆಯಲ್ಲಿ ತೆರೆದಿದ್ದರೆ ಕೆಲಸ ಮಾಡುವ, ವಿಕಿರಣ ಅಳೆಯುವ ಯಾವ ಸರ್ವೆ ಮೀಟರ್‌ ಆದರೂ ಬಾಗಿಲಲ್ಲೇ ಕೂಗಿಕೊಳ್ಳುತ್ತದೆ. ಪತ್ತೆಹಚ್ಚುವುದು ಕಷ್ಟವಿದ್ದ ಪ್ರಕರಣ ಇದಲ್ಲ.

ನವೆಂಬರ್ 16: ಐದನೇ ಕ್ಯಾತಿಟರ್

ರೋಗಿ ವಯಸ್ಸಾದ ಮಹಿಳೆ, ಗುದದ್ವಾರದ ಕ್ಯಾನ್ಸರ್. ಗಡ್ಡೆಯೊಳಗೆ ಐದು ಕ್ಯಾತಿಟರ್‌ಗಳನ್ನು ಇಡಲಾಗಿತ್ತು. ಒಟ್ಟು 18 ಗ್ರೇ, ಮೂರು ಕಂತುಗಳಲ್ಲಿ ಕೊಡುವ ಯೋಜನೆ. ಮುಂದಿನ ಕಂತುಗಳಿಗೂ ಬೇಕಾದ್ದರಿಂದ ಕ್ಯಾತಿಟರ್‌ಗಳು ದೇಹದಲ್ಲೇ ಉಳಿಯಬೇಕಿತ್ತು. ಈ ಸಣ್ಣ ವಿವರಕ್ಕೆ ಮುಂದೆ ದೊಡ್ಡ ಬೆಲೆ ತೆರಬೇಕಾಯಿತು. ಕ್ಯಾತಿಟರ್‌ಗಳನ್ನು ಅಂದೇ ತೆಗೆಯುವಂತಿದ್ದರೆ ಸೋರ್ಸೂ ಅವುಗಳ ಜೊತೆಗೆ ಹೊರಬರುತ್ತಿತ್ತು.

ಡಮ್ಮಿ ತಂತಿ (ದಾರಿ ಪರೀಕ್ಷಿಸಲು ಬಳಸುವ, ಸೋರ್ಸ್ ಇಲ್ಲದ ತಂತಿ) ಐದೂ ಕ್ಯಾತಿಟರ್‌ಗಳಲ್ಲಿ ಸರಾಗವಾಗಿ ಹೋಗಿ ಬಂತು. ನಿಜವಾದ ಸೋರ್ಸ್ ನಾಲ್ಕರಲ್ಲಿ ತೊಂದರೆಯಿಲ್ಲದೆ ಹೋಯಿತು. ಐದನೆಯದಕ್ಕೆ ತಂತಿ ಸಾಗಲಿಲ್ಲ. ಹಲವು ಸಲ ಯತ್ನಿಸಿ, ಆಗದೆ, ಚಿಕಿತ್ಸೆಯನ್ನು ಅಲ್ಲಿಗೇ ನಿಲ್ಲಿಸಿದರು.

ಇದರ ನಡುವೆ ಕೋಣೆಯಲ್ಲಿನ ವಿಕಿರಣ ಅಳೆಯಲು ಗೋಡೆಯಲ್ಲಿದ್ದ ಏರಿಯಾ ಮಾನಿಟರ್ (ನಮ್ಮಲ್ಲಿ ಗಾಮಾ ಜೋನ್ ಮಾನಿಟರ್ ಎನ್ನುವುದು) ಅಲಾರಂ ತೋರಿಸುತ್ತಿತ್ತು. ಮೂವರು ತಂತ್ರಜ್ಞರಿಗೂ ವೈದ್ಯರಿಗೂ ಅದು ಗೊತ್ತಿತ್ತು. ಕನ್ಸೋಲ್ (ಯಂತ್ರದ ನಿಯಂತ್ರಣ ಫಲಕ) ಮಾತ್ರ ತಂತಿ ಪೂರ್ತಿ ಹಿಂದಕ್ಕೆ ಬಂದಿದೆ, ಸೋರ್ಸ್ ಸುರಕ್ಷಿತ ಎಂದು ಹೇಳುತ್ತಿತ್ತು. ಎರಡು ಉಪಕರಣಗಳು ಒಂದಕ್ಕೊಂದು ವಿರುದ್ಧವಾದ ಮಾತು ಹೇಳುತ್ತಿವೆ. ಅವರು ಕನ್ಸೋಲನ್ನು ನಂಬಿದರು. ಮಾನಿಟರ್ ಕೆಟ್ಟಿದೆ ಎಂದು ತೀರ್ಮಾನಿಸಿ ಅದನ್ನು ರೀಸೆಟ್ ಮಾಡಿದರು. ಕೈಯಲ್ಲಿ ಹಿಡಿಯುವ ಸರ್ವೆ ಮೀಟರ್ ಆ ಕೇಂದ್ರದಲ್ಲಿತ್ತು, ಯಾರೂ ತರಲಿಲ್ಲ. ರೋಗಿಯನ್ನು ಆಂಬುಲೆನ್ಸಿನಲ್ಲಿ ಹತ್ತಿರದ ನರ್ಸಿಂಗ್ ಹೋಮ್‌ಗೆ ವಾಪಸ್ ಕಳಿಸಿದರು.

ಕನ್ಸೋಲ್ ಸುಳ್ಳು ಹೇಳಿತೇ? ಹಾಗೇನೂ ಇಲ್ಲ. ಇಂಥ ಯಂತ್ರ ತಂತಿಯನ್ನು ಸುತ್ತುವ ಚಕ್ರ ಎಷ್ಟು ತಿರುಗಿತು ಎಂಬುದರಿಂದ ತಂತಿಯ ಉದ್ದವನ್ನು ಅಳೆಯುತ್ತದೆ. ಇಷ್ಟು ಹೊರಗೆ ಹೋಯಿತು, ಇಷ್ಟು ಒಳಗೆ ಬಂತು ಎಂಬ ಲೆಕ್ಕ ಸರಿಯಾಗಿಯೇ ಇತ್ತು. ಒಳಗೆ ಬಂದ ತಂತಿಯ ತುದಿಯಲ್ಲಿ ಸೋರ್ಸ್ ಇದೆಯೇ ಎಂಬ ಪ್ರಶ್ನೆಯನ್ನು ಆ ಲೆಕ್ಕ ಕೇಳುವುದೇ ಇಲ್ಲ. ತಂತಿ ಸೋರ್ಸಿನ ಹತ್ತಿರವೇ ತುಂಡಾಗಿತ್ತು, ಸೋರ್ಸ್ ಕ್ಯಾತಿಟರಿನಲ್ಲಿ ಉಳಿದಿತ್ತು. ವಿಕಿರಣವನ್ನೇ ನೇರವಾಗಿ ಅಳೆಯುತ್ತಿದ್ದ ಉಪಕರಣ ಕೋಣೆಯಲ್ಲಿ ಒಂದೇ ಒಂದು. ಅದನ್ನೇ ಕೆಟ್ಟಿದೆ ಎಂದು ಬದಿಗೊತ್ತಿದರು.

ಆ ತೀರ್ಮಾನಕ್ಕೆ ಬಂದವರನ್ನು ಅಜ್ಞಾನಿಗಳೆಂದು ಬೈದು ಮುಂದೆ ಹೋಗುವುದು ಸುಲಭ. ಆದರೆ ಬ್ರಾಕಿಥೆರಪಿ ಕೋಣೆಯಲ್ಲಿ ಕೆಲಸ ಮಾಡಿದವರಿಗೆ ಜೋನ್ ಮಾನಿಟರ್ ಹೇಗಿರುತ್ತದೆ ಗೊತ್ತು. ವಿಕಿರಣ ವಸ್ತು ಚುಚ್ಚಿ ಮಾಡುವ ಬೋನ್ ಸ್ಕ್ಯಾನ್ ಇತ್ತೀಚೆಗೆ ಮಾಡಿಸಿಕೊಂಡ ರೋಗಿ ಹತ್ತಿರ ಬಂದರೂ ಕೆಲವು ಮಾನಿಟರ್ ಮಿನುಗುತ್ತದೆ, ವೋಲ್ಟೇಜ್ ಏರುಪೇರಾದರೂ ಕೂಗುತ್ತದೆ. ಸುಳ್ಳು ಅಲಾರಂ ಕೇಳಿ ಕೇಳಿ ಅಭ್ಯಾಸವಾದ ಕಡೆ ನಿಜವಾದದ್ದೂ ಅದೇ ದನಿಯಲ್ಲಿ ಬರುತ್ತದೆ. ಹಾಗಾಗಿ ಅಲಾರಂ ಬಂದಾಗ ‘ನಿಜವೋ ಸುಳ್ಳೋ’ ಎಂದು ತಲೆಯಲ್ಲಿ ತೀರ್ಮಾನಿಸುವ ಅವಕಾಶವನ್ನೇ ಯಾರಿಗೂ ಕೊಡಬಾರದು. ಅಲಾರಂ ಆಯಿತೇ, ಎರಡನೇ ಮೀಟರ್ ಒಳಗೆ ಹೋಗಬೇಕು. ಅದೂ ತೋರಿಸದಿದ್ದರೆ ಆಗ ಮಾತ್ರ ಮೊದಲನೆಯದನ್ನು ಕೆಟ್ಟದ್ದೆಂದು ಬರೆಯಬಹುದು.

ನಾಲ್ಕು ದಿನ, ಒಂದು ಕಸದ ಚೀಲ, ಎರಡು ರಾಜ್ಯ

ಒಂದು ಕಂತಿಗೆ ಕೊಡಬೇಕಿದ್ದ ಡೋಸ್ ಅನ್ನು 1 ಸೆಂಟಿಮೀಟರ್ ದೂರದಲ್ಲಿ ಈ ಸೋರ್ಸ್ ಎರಡು ನಿಮಿಷದೊಳಗೆ ಕೊಡಬಲ್ಲದು. ಅದು ದೇಹದಲ್ಲಿ ಹತ್ತಿರಹತ್ತಿರ ನಾಲ್ಕು ದಿನ ಕುಳಿತಿತ್ತು. 1 ಸೆಂಟಿಮೀಟರಿನಲ್ಲಿ ಬಿದ್ದ ಡೋಸ್ 16,000 ಗ್ರೇ ಎಂದು ಅಂದಾಜು. ನವೆಂಬರ್ 20ರ ಬೆಳಗಿನ ಜಾವ ಸೋರ್ಸ್ ಇದ್ದ ಕ್ಯಾತಿಟರ್ ಸಡಿಲವಾಗಿ ಕಳಚಿ ಬಿತ್ತು. ನರ್ಸಿಂಗ್ ಹೋಮಿನ ಸಿಬ್ಬಂದಿಗೆ ಅದು ಬಳಸಿ ಬಿಸಾಡಿದ ಪ್ಲಾಸ್ಟಿಕ್ ಕೊಳವೆಯಷ್ಟೇ. ಜೈವಿಕ ತ್ಯಾಜ್ಯದ ಕೆಂಪು ಚೀಲಕ್ಕೆ ಹಾಕಿ ಉಗ್ರಾಣದಲ್ಲಿಟ್ಟರು. ಮರುದಿನ, ನವೆಂಬರ್ 21ರಂದು, ರೋಗಿ ತೀರಿಕೊಂಡರು. ವಿಕಿರಣವೇ ಸಾವಿಗೆ ಕಾರಣವೆಂದು ಮರಣೋತ್ತರ ಪರೀಕ್ಷೆಯ ವರದಿ ಹೇಳಿದ್ದು ಬಹಿರಂಗವಾದದ್ದು ಮುಂದಿನ ಜನವರಿಯಲ್ಲಿ.

ನವೆಂಬರ್ 25ರಂದು ತ್ಯಾಜ್ಯ ಸಾಗಿಸುವವರ ಲಾರಿ ಬಂದು ಆ ಪೆಟ್ಟಿಗೆಯನ್ನು ಒಯ್ದಿತು. ನಡುವೆ ಥ್ಯಾಂಕ್ಸ್‌ಗಿವಿಂಗ್ ರಜೆ. 27ರಂದು ಲಾರಿ ನೆರೆಯ ಒಹಾಯೊ ರಾಜ್ಯದ ದಹನ ಘಟಕದ ಗೇಟಿಗೆ ಹೋದಾಗ ಅಲ್ಲಿ ನೆಟ್ಟಿದ್ದ ವಿಕಿರಣ ಮಾನಿಟರ್‌ಗಳು ಬಡಿದುಕೊಂಡವು. ಆ ಹನ್ನೊಂದು ದಿನಗಳಲ್ಲಿ ಯಾರಾದರೂ ಕಿವಿಗೊಟ್ಟ ಮೊದಲ ಅಳತೆ ಇದು. ಕಸ ಸುಡುವವರ ಗೇಟಿನಲ್ಲಿ ಇದ್ದ ಶಿಸ್ತು ಚಿಕಿತ್ಸಾ ಕೋಣೆಯ ಬಾಗಿಲಲ್ಲಿ ಇರಲಿಲ್ಲ.

ಆದರೆ ಅಲ್ಲಿನ ಮುಂದಿನ ಹೆಜ್ಜೆಯೂ ಸರಿಯಿರಲಿಲ್ಲ. ಲಾರಿಯನ್ನು ಹಾಗೆಯೇ ಪೆನ್ಸಿಲ್ವೇನಿಯಾದ ಸಂಗ್ರಹ ಕೇಂದ್ರಕ್ಕೆ ವಾಪಸ್ ಕಳಿಸಲಾಯಿತು. ಒಳಗೆ ಏನಿದೆ, ಎಷ್ಟು ಬಲದ್ದು ಎಂದು ಗೊತ್ತಿಲ್ಲದ ವಾಹನವನ್ನು ಮತ್ತೆ ರಸ್ತೆಗೆ ಇಳಿಸುವುದೆಂದರೆ ಚಾಲಕನನ್ನು ಸೋರ್ಸಿನ ಪಕ್ಕ ಮತ್ತೆ ಕೂರಿಸಿದಂತೆ. ಮಾಡಬೇಕಿದ್ದದ್ದು ಇಷ್ಟು: ವಾಹನವನ್ನು ಜನರಿಲ್ಲದ ಕಡೆ ನಿಲ್ಲಿಸಿ, ಮೀಟರ್ ಓದು ಹಿನ್ನೆಲೆ ಮಟ್ಟಕ್ಕೆ (ಎಲ್ಲೆಡೆ ಸಹಜವಾಗಿ ಇರುವ ವಿಕಿರಣದ ಮಟ್ಟಕ್ಕೆ) ಇಳಿಯುವಷ್ಟು ದೂರಕ್ಕೆ ಹಗ್ಗ ಕಟ್ಟಿ, ನಿಯಂತ್ರಕರಿಗೆ ಕರೆ ಮಾಡುವುದು. ನಮ್ಮಲ್ಲಾದರೆ ಆ ಕರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ, ಅಂದರೆ ಎಇಆರ್‌ಬಿಗೆ.

ನವೆಂಬರ್ 30ರಂದು ಪೆಟ್ಟಿಗೆಗಳನ್ನು ಒಂದೊಂದಾಗಿ ಮೀಟರ್ ಹಿಡಿದು ಹುಡುಕಿದರು. ಅಲಾರಂ ಕೊಟ್ಟ ಪೆಟ್ಟಿಗೆ ಎಲ್ಲಿಂದ ಬಂದದ್ದೆಂದು ಗುರುತಿಸಿ ನರ್ಸಿಂಗ್ ಹೋಮ್ ತಲುಪಿದರು, ಅಲ್ಲಿಂದ ಚಿಕಿತ್ಸಾ ಕೇಂದ್ರ. ಡಿಸೆಂಬರ್ 1ರಂದು ಕೇಂದ್ರದವರು ನಿಯಂತ್ರಕರಿಗೆ ವರದಿ ಮಾಡಿ, ಸೋರ್ಸನ್ನು ವಾಪಸ್ ತಂದರು. ಗಮನಿಸಿ: ಸೋರ್ಸಿನ ಜಾಡು ಸಿಕ್ಕಿದ್ದು ಕಸದ ಪೆಟ್ಟಿಗೆ ಯಾರದ್ದು ಎಂಬ ದಾಖಲೆಯಿಂದ. ಸೋರ್ಸಿನ ದಾಖಲೆಯಿಂದಲ್ಲ. ಸೋರ್ಸಿನ ದಾಖಲೆಯ ಪ್ರಕಾರ ಅದು ಯಂತ್ರದೊಳಗೇ ಇತ್ತು.

ತಂತಿ ಏಕೆ ಮುರಿಯಿತು

ಅದು ನಿಕಲ್-ಟೈಟಾನಿಯಂ ಮಿಶ್ರಲೋಹದ ತಂತಿ. ಸಾಗಣೆ ಮತ್ತು ದಾಸ್ತಾನಿನ ವೇಳೆ ಟೆಫ್ಲಾನ್ ಪದರ ವಿಕಿರಣದಿಂದ ಒಡೆದು, ತೇವದ ಜೊತೆ ಸೇರಿ ತಂತಿಯನ್ನು ಕೊರೆದಿರಬಹುದೆಂಬ ಕಡೆಗೆ ಶಂಕೆ ಹೋಯಿತು. ಡಿಸೆಂಬರ್ 7ರಂದು ಅದೇ ರಾಜ್ಯದ ಪಿಟ್ಸ್‌ಬರ್ಗ್‌ನಲ್ಲಿ ಮತ್ತೊಂದು ಆಫ್ಟರ್‌ಲೋಡರಿನ ತಂತಿ ಹೆಚ್ಚುಕಡಿಮೆ ಹೀಗೆಯೇ ಮುರಿಯಿತು. ಅಲ್ಲಿ ವಿಕಿರಣದ ಪರಿಣಾಮ ತೀರಾ ಕಡಿಮೆ. ತಂತಿ ಮುರಿಯುವುದು ಒಂದು ಸಂಗತಿ, ಮುರಿದದ್ದು ಗೊತ್ತಾಗದೆ ಇರುವುದು ಇನ್ನೊಂದು ಸಂಗತಿ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು. ತನಿಖೆ ಎರಡನ್ನೂ ಒಟ್ಟಿಗೆ ನೋಡಿತು.

ಮುಂದೆ ಅಮೆರಿಕದ ನಿಯಮದಲ್ಲಿ ಮಾತು ಸ್ಪಷ್ಟವಾಯಿತು: ರಿಮೋಟ್ ಆಫ್ಟರ್‌ಲೋಡರ್ ಚಿಕಿತ್ಸೆ ಮುಗಿದ ರೋಗಿಯನ್ನು ಬಿಡುವ ಮುಂಚೆ ರೋಗಿಯನ್ನೂ ಯಂತ್ರವನ್ನೂ ಕೈಮೀಟರಿನಿಂದ ಅಳೆಯಬೇಕು, ಸೋರ್ಸ್ ದೇಹದಿಂದ ಹೊರಬಂದಿದೆ, ಕವಚದೊಳಗೆ ಸೇರಿದೆ ಎಂಬ ಎರಡೂ ಖಾತ್ರಿಯಾಗಬೇಕು. ‘ಎರಡೂ’ ಎಂಬುದು ಮುಖ್ಯ. ರೋಗಿಯಲ್ಲಿ ಇಲ್ಲ ಎಂದಷ್ಟೇ ಗೊತ್ತಾದರೆ ಸಾಲದು. ವರ್ಗಾವಣೆ ಕೊಳವೆಯಲ್ಲೋ ನೆಲದ ಮೇಲೋ ಬಿದ್ದಿರಬಹುದು.

ಆ ಒಂದು ಅಳತೆಯನ್ನು ಸರಿಯಾಗಿ ತೆಗೆದುಕೊಳ್ಳುವುದು

ಕೇಳಲು ಸರಳ. ತಪ್ಪಾಗುವ ಜಾಗಗಳು ಮಾತ್ರ ಹಲವು.

ಮೀಟರನ್ನು ಬಾಗಿಲ ಹೊರಗೇ ಆನ್ ಮಾಡಿ, ಬ್ಯಾಟರಿ ನೋಡಿ, ಹಿನ್ನೆಲೆ ಓದು ನೋಡಿಕೊಂಡು, ಮುಳ್ಳಿನ ಮೇಲೆ ಕಣ್ಣಿಟ್ಟೇ ಒಳಗೆ ನಡೆಯಬೇಕು. ಹಾಸಿಗೆಯ ಪಕ್ಕ ಹೋಗಿ ಆನ್ ಮಾಡುವ ಅಭ್ಯಾಸ ಅಪಾಯಕಾರಿ. ಕೆಲವು ಜಿಎಂ (ಗೈಗರ್-ಮುಲ್ಲರ್) ಮೀಟರುಗಳು ಅತಿ ತೀವ್ರ ವಿಕಿರಣದಲ್ಲಿ ಎಣಿಸಲಾಗದೆ ಸ್ಯಾಚುರೇಟ್ ಆಗಿ ಸೊನ್ನೆಯ ಹತ್ತಿರ ತೋರಿಸುತ್ತವೆ. 10 ಸೆಂಟಿಮೀಟರ್ ದೂರದಲ್ಲಿ ಈ ಸೋರ್ಸ್ ಗಂಟೆಗೆ 2 ಸೀವರ್ಟ್ ಕೊಡುತ್ತದೆ. ಮೀಟರು ಅಲ್ಲಿ ಎಚ್ಚೆತ್ತುಕೊಂಡರೆ ‘ಏನೂ ಇಲ್ಲ’ ಎಂದೇ ಹೇಳೀತು. ಬಾಗಿಲಿನಿಂದ ನಡೆದು ಬಂದಿದ್ದರೆ ಅದು ಮೇಲೇರಿ ಕೆಳಗೆ ಬಿದ್ದದ್ದು ಕಣ್ಣಿಗೆ ಬೀಳುತ್ತಿತ್ತು.

ಚಿಕಿತ್ಸೆಗೆ ಮುಂಚಿನ ಓದು ಇಲ್ಲದೆ ನಂತರದ ಓದಿಗೆ ಅರ್ಥ ಬರುವುದಿಲ್ಲ. ರೋಗಿಗೆ ಇತ್ತೀಚೆಗೆ ಟೆಕ್ನೀಷಿಯಂ-99ಎಂ (ಸ್ಕ್ಯಾನಿಗೆ ಚುಚ್ಚುವ ವಿಕಿರಣ ವಸ್ತು) ಕೊಟ್ಟಿದ್ದರೆ ದೇಹದಿಂದಲೇ ಸ್ವಲ್ಪ ಬರುತ್ತಿರುತ್ತದೆ. ಮೊದಲೇ ಅಳೆದಿಟ್ಟರೆ ಅದು ಗೊಂದಲ ಮಾಡುವುದಿಲ್ಲ. ಅಳೆಯದಿದ್ದರೆ ಮುಂದಿನ ಸಲ ಯಾರೋ ‘ಅದು ಸ್ಕ್ಯಾನಿನದು ಬಿಡಿ’ ಎನ್ನುತ್ತಾರೆ. ಇದೇ ಪ್ರಕರಣದ ಇನ್ನೊಂದು ರೂಪ ಅದು.

ಅಳತೆಯನ್ನು ರಿಜಿಸ್ಟರಿನಲ್ಲಿ ಸಂಖ್ಯೆಯಾಗಿ ಬರೆಯಬೇಕು. ‘ಓಕೆ’ ಅಥವಾ ಟಿಕ್ ಗುರುತು ಹಾಕಲು ಮೀಟರನ್ನು ಕೈಗೆತ್ತಿಕೊಳ್ಳಬೇಕಾಗಿಯೇ ಇಲ್ಲ. ಟಿಕ್ ಗುರುತಿನ ಪುಟಗಳನ್ನು ವಾರದ ಕೊನೆಗೆ ಒಟ್ಟಿಗೆ ತುಂಬಿದ ಕಡೆಗಳೂ ಉಂಟು. ಹಿನ್ನೆಲೆ ಇಷ್ಟು, ರೋಗಿಯ ಬಳಿ ಮೊದಲು ಇಷ್ಟು, ನಂತರ ಇಷ್ಟು, ಯಂತ್ರದ ಮೈಮೇಲೆ ಇಷ್ಟು, ಯಾವ ಮೀಟರು, ಎಷ್ಟು ಗಂಟೆಗೆ, ಯಾರು ಎಂದು ಬರೆದರೆ ಸಾಕು. ಯಂತ್ರದ ಮೈಮೇಲಿನ ಓದು ಎಂದಿಗಿಂತ ಕಡಿಮೆ ಬಂದರೂ ಅನುಮಾನ ಪಡಬೇಕು. ಕವಚದ ಹೊರಗೆ ಸದಾ ಸ್ವಲ್ಪ ಸೋರಿಕೆ ಇರುತ್ತದೆ. ಅದು ಇದ್ದಕ್ಕಿದ್ದಂತೆ ಹಿನ್ನೆಲೆ ಮಟ್ಟಕ್ಕೆ ಇಳಿದರೆ ಒಳಗೆ ಸೋರ್ಸ್ ಇಲ್ಲ ಎಂದೇ ಅರ್ಥ. ಈ ಕೇಂದ್ರದಲ್ಲಿ ನವೆಂಬರ್ 16ರ ನಂತರ ಯಾರಾದರೂ ಒಮ್ಮೆ ಖಾಲಿ ಯಂತ್ರದ ಪಕ್ಕ ಮೀಟರ್ ಹಿಡಿದಿದ್ದರೂ ಉತ್ತರ ಸಿಗುತ್ತಿತ್ತು.

ಓದು ಹೆಚ್ಚಾಗಿದ್ದರೆ ಯೋಚನೆಗೆ ಸಮಯವಿಲ್ಲ. ಎಮರ್ಜೆನ್ಸಿ ಸ್ಟಾಪ್, ಆಗದಿದ್ದರೆ ಕೈಚಕ್ರದಿಂದ ತಂತಿ ಎಳೆಯುವುದು. ಅದೂ ಆಗದಿದ್ದರೆ ಕ್ಯಾತಿಟರ್‌ಗಳನ್ನೇ ಹೊರತೆಗೆದು, ಕೋಣೆಯಲ್ಲಿ ಸದಾ ತೆರೆದ ಬಾಯಿಯಲ್ಲಿ ಇಟ್ಟಿರಬೇಕಾದ ಸೀಸದ ಪಾತ್ರೆಗೆ ಉದ್ದ ಇಕ್ಕಳದಿಂದ ಹಾಕಿ, ರೋಗಿಯನ್ನು ಹೊರತಂದು, ಬಾಗಿಲು ಮುಚ್ಚಿ, ರೋಗಿಯನ್ನು ಮತ್ತೆ ಅಳೆಯುವುದು. ಹೊಲಿಗೆ ಕತ್ತರಿಸುವ ಕತ್ತರಿ, ಫೋರ್ಸೆಪ್ಸ್ ಅದೇ ಟ್ರಾಲಿಯಲ್ಲಿ ಇರಬೇಕು. ಸೋರ್ಸಿನಿಂದ ಕೈ 30 ಸೆಂಟಿಮೀಟರ್ ದೂರವಿದ್ದರೆ 4.3 ಕ್ಯೂರಿಗೆ ನಿಮಿಷಕ್ಕೆ ಸುಮಾರು 4 ಮಿಲಿಸೀವರ್ಟ್. ಕೆಲಸ ಮಾಡಬಹುದಾದ ಡೋಸ್ ಅದು. ಬೆರಳಿನಿಂದ ಹಿಡಿದರೆ ಬೆರಳಿಗೆ ಬೇಗನೆ ತೀವ್ರ ಹಾನಿಯಾಗುತ್ತದೆ. ಸೀಸದ ಪಾತ್ರೆಯನ್ನು ಉಗ್ರಾಣದ ಕಪಾಟಿನಲ್ಲಿ ಬೀಗ ಹಾಕಿ ಇಟ್ಟ ಆಸ್ಪತ್ರೆಯಲ್ಲಿ ಈ ಅಂಕಿಗಳಿಂದ ಪ್ರಯೋಜನವಿಲ್ಲ.

ಕ್ಯಾತಿಟರ್ ಇಟ್ಟುಕೊಂಡೇ ವಾರ್ಡಿಗೆ ಹೋಗುವ ರೋಗಿಯ ಜೊತೆ ಕನ್ನಡದಲ್ಲಿ ಒಂದು ಚೀಟಿ ಹೋಗಲಿ: ಕೊಳವೆ ಕಳಚಿ ಬಿದ್ದರೆ ಮುಟ್ಟಬೇಡಿ, ಬಿಸಾಡಬೇಡಿ, ಈ ನಂಬರಿಗೆ ಕರೆ ಮಾಡಿ. ಕೋಣೆಯಲ್ಲಿ ಮೀಟರ್ ಹಿಡಿದಿದ್ದರೆ ಆ ಕೊಳವೆಯಲ್ಲಿ ಏನೂ ಇರುವುದಿಲ್ಲ, ನಿಜ. ಆದರೆ ಚೀಟಿ ಮೀಟರ್ ಹಿಡಿಯದ ದಿನಕ್ಕಾಗಿ. ಆಸ್ಪತ್ರೆಯ ಹಳದಿ ಚೀಲ ಸಾಮೂಹಿಕ ದಹನ ಘಟಕಕ್ಕೆ ಹೋಗುವ ನಮ್ಮ ವ್ಯವಸ್ಥೆಯಲ್ಲಿ, ವಿಕಿರಣ ಚಿಕಿತ್ಸಾ ವಿಭಾಗದಿಂದ ಹೊರಡುವ ಪ್ರತಿ ಚೀಲಕ್ಕೂ ಬಾಗಿಲಲ್ಲಿ ಮೀಟರ್ ತೋರಿಸುವುದು ಒಂದು ನಿಮಿಷದ ಕೆಲಸ. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಅಂಗಡಿಗೆ ಕೋಬಾಲ್ಟ್-60 ಹೋದಾಗ ಅದನ್ನು ಪತ್ತೆ ಮಾಡಿದ್ದು ಯಾವ ಗೇಟಿನ ಮಾನಿಟರೂ ಅಲ್ಲ, ಗುಜರಿಯವರ ಮೈಮೇಲೆ ಎದ್ದ ಗಾಯ.

ಸೀಡ್‌ಗಳಿಗೆ ಇದೇ ಲೆಕ್ಕ, ಮೀಟರ್ ಬೇರೆ

ಅಯೋಡಿನ್-125 ಸೀಡ್ (ಬೀಜದಂಥ ಪುಟ್ಟ ಸೋರ್ಸ್) ಬಳಸುವ ಕಡೆ ಈ ಪ್ರಕರಣವನ್ನು ಹಾಗೇ ನಕಲು ಮಾಡಲಾಗದು. ಸುಮಾರು 4.5 ಮಿಲಿಮೀಟರ್ ಉದ್ದ, 0.8 ಮಿಲಿಮೀಟರ್ ದಪ್ಪದ ಟೈಟಾನಿಯಂ ಕ್ಯಾಪ್ಸೂಲ್. ಅರ್ಧಾಯುಷ್ಯ ಸುಮಾರು 59 ದಿನ. ಕಣ್ಣಿನ ಗಡ್ಡೆಗೆ ಪುಟ್ಟ ಬಟ್ಟಲಿನಂಥ ಪ್ಲಾಕ್‌ನಲ್ಲಿ ಅಂಟಿಸಿ ಇಡುತ್ತಾರೆ, ಪ್ರಾಸ್ಟೇಟ್‌ನಲ್ಲಿ ಶಾಶ್ವತವಾಗಿ ಬಿಡುತ್ತಾರೆ. ಹೊರಸೂಸುವ ಫೋಟಾನುಗಳ ಶಕ್ತಿ 30 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್) ಆಸುಪಾಸು, ಅಂದರೆ ತೀರಾ ಕಡಿಮೆ. ಹಾಗಾಗಿ ದಪ್ಪ ಗೋಡೆಯ ಸಾಮಾನ್ಯ ಜಿಎಂ ಟ್ಯೂಬಿಗೆ ಅದು ಸರಿಯಾಗಿ ಕಾಣುವುದೇ ಇಲ್ಲ. ತೆಳು ಸೋಡಿಯಂ ಅಯೋಡೈಡ್ ಪ್ರೋಬ್ ಬೇಕು, ಅದನ್ನೂ ಹುಡುಕುವ ಜಾಗದಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿ ನಿಧಾನವಾಗಿ ಆಡಿಸಬೇಕು. ಇರಿಡಿಯಂಗೆ ಇಟ್ಟ ಮೀಟರನ್ನೇ ಇಲ್ಲಿಗೂ ತಂದು ‘ಏನೂ ಇಲ್ಲ’ ಎಂದು ಬರೆದರೆ ಪೆನ್ಸಿಲ್ವೇನಿಯಾದ ಕನ್ಸೋಲನ್ನೇ ಮತ್ತೆ ನಂಬಿದಂತಾಗುತ್ತದೆ.

ಇಲ್ಲಿ ಎಣಿಕೆಗೆ ಮರುಜೀವ ಬರುತ್ತದೆ: ಬಂದ ಸೀಡ್‌ಗಳು, ಸೂಜಿ ಅಥವಾ ಪ್ಲಾಕ್‌ಗೆ ತುಂಬಿದ್ದು, ದೇಹಕ್ಕೆ ಹೋದದ್ದು, ಉಳಿದದ್ದು. ಈ ನಾಲ್ಕು ಅಂಕಿಗಳು ರೋಗಿ ಮೇಜಿನಿಂದ ಇಳಿಯುವ ಮುಂಚೆ ತಾಳೆಯಾಗಬೇಕು. ದೇಹದೊಳಗಿನದ್ದನ್ನು ಎಕ್ಸ್‌ರೇ ಚಿತ್ರದಲ್ಲಿ ಎಣಿಸಬೇಕು. ಒಂದು ಕಡಿಮೆಯಾದರೆ ಮೊದಲು ಖಾಲಿ ಕಾರ್ಟ್ರಿಡ್ಜ್ ಮತ್ತು ಸೂಜಿಯ ಒಳಗೆ, ಆಮೇಲೆ ಹಸಿರು ಬಟ್ಟೆಯ ಮಡಿಕೆ, ಗಾಜ್, ಸಕ್ಷನ್ ಜಾರ್, ಯೂರಿನ್ ಬ್ಯಾಗ್, ಕೊನೆಗೆ ನೆಲ ಮತ್ತು ಎಲ್ಲರ ಪಾದರಕ್ಷೆಯ ಅಡಿ. ಎಣಿಕೆ ಹೊಂದುವ ತನಕ ಬಟ್ಟೆ ಲಾಂಡ್ರಿಗೆ ಹೋಗಬಾರದು, ಕಸದ ಚೀಲ ಕದಲಬಾರದು, ಥಿಯೇಟರಿನ ನೆಲ ಒರೆಸಲು ಯಾರನ್ನೂ ಒಳಗೆ ಬಿಡಬಾರದು.